ಮಡಚುವ ಟಾಪು ಮತ್ತು ನಾನು ಕತ್ತರಿಸಿದ ಪಟ್ಟಿ

ಚಾಚಾ,

ನಾನು ರುದ್ರ. ಆವರಗೆರೆಯ ರುದ್ರ. ನಿಮಗೆ ಕನ್ನಡ ಓದಲು ಬರುತ್ತಿರಲಿಲ್ಲ. ದಾವಣಗೆರೆಯ ಮಂಡಿಪೇಟೆಯಲ್ಲಿ, ಟಾಂಗಾಗಳಿಗೆ ಮಡಚುವ ಟಾಪು ಹೊಲಿಯುವ ನಿಮ್ಮ ಅಂಗಡಿಯಲ್ಲಿ, ಕೆಲಸ ಕಲಿಯಲು ಸೇರಿದ ನಾನು ದಿನಾ ಬೆಳಿಗ್ಗೆ ಪೇಪರು ಓದುತ್ತಿದ್ದೆ, ನೀವು ಸೂಜಿಗೆ ಮೇಣ ಹಚ್ಚುತ್ತಾ ಕೇಳುತ್ತಿದ್ದಿರಿ. ಮಂತ್ರಿಗಳ ಭಾಷಣ ಬಂದರೆ, "ಮುಂದ್ಕ ಹೋಗು ಬೇಟಾ, ಅದು ನಿನ್ನೇನೂ ಇತ್ತು" ಅನ್ನುತ್ತಿದ್ದಿರಿ. ಇವತ್ತೂ ನಾನೇ ಓದಿ ಹೇಳುತ್ತಿದ್ದೇನೆ ಅಂದುಕೊಳ್ಳಿ. ಇದರಲ್ಲಿ ಮಾತ್ರ ಮುಂದಕ್ಕೆ ಹೋಗು ಅನ್ನಬೇಡಿ. ಈ ಸುದ್ದಿಯನ್ನು ಹತ್ತು ವರ್ಷ ಮುಂದಕ್ಕೆ ಹಾಕಿಕೊಂಡೇ ಬಂದವನು ನಾನು.

ಆ ಕೆಂಪು ಕಾರು ನಮ್ಮ ಅಂಗಡಿ ಮುಂದೆ ನಿಂತ ದಿನ ನೆನಪಿದೆಯಾ? ಹೊಳೆಯಾಚೆಯ ದಂಡೆಯೂ ನಮ್ಮ ರಾಜ್ಯವೇ ಆಗಿ ಇನ್ನೂ ಎರಡು ವರ್ಷವಾಗಿರಲಿಲ್ಲ. ಹತ್ತಿ ಜಿನ್ನಿನ ಸಣ್ಣ ಸಾಹುಕಾರ ಬೊಂಬಾಯಿಯಿಂದ ತಂದ ಕಾರು ಅದು. ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡ, ಸದ್ದು ಮಾತ್ರ ಹುಲಿಯದು. ಸ್ಟ್ಯಾಂಡಿನ ಟಾಂಗಾ ಕುದುರೆಗಳು ಕಿವಿ ನಿಮಿರಿಸಿ ಹಿಂದೆ ಸರಿದವು. "ಎಲೈ ಕೆಂಚಪ್ಪ, ನಿನ್ನ ಕುದುರಿ ಇದರ ಮುಂದ ಕತ್ತೆ ಆತಲ್ಲೋ" ಅಂದ ಯಾರೋ. ಟಾಂಗಾದ ಕೆಂಚಪ್ಪ ಬಿಡುತ್ತಾನೆಯೇ? "ನನ್ನ ಕತ್ತೆಗೆ ಟಾಪು ಐತಪಾ, ಅವರ ಹುಲಿಗೆ ಎಲ್ಲೈತಿ?" ಅಂದುಬಿಟ್ಟ. ನಿಜವೇ. ಕಾರಿನ ಮೇಲಿನ ಬಟ್ಟೆ ಕೊಳೆತು ಜೋತುಬಿದ್ದಿತ್ತು. ಸಾಹುಕಾರ ನಕ್ಕು, "ಅದಕ್ಕೇ ಚಾಚಾನ ಹತ್ರ ಬಂದೀನಿ" ಅಂದ.

ಅವನು ವಿಲಾಯತಿ ಮಾಸಪತ್ರಿಕೆಯೊಂದನ್ನು ತೊಡೆಯ ಮೇಲೆ ಬಿಚ್ಚಿ ತೋರಿಸಿದ್ದು ಆಗಲೇ. ಗುಂಡಿ ಒತ್ತಿದರೆ ಕಾರಿನ ಉಕ್ಕಿನ ಮಾಡು ತಾನೇ ಎದ್ದು, ನಡುವೆ ಮಡಚಿಕೊಂಡು, ಹಿಂದಿನ ಡಿಕ್ಕಿಯೊಳಗೆ ಹೋಗಿ ಮಲಗುವ ಚಿತ್ರಗಳು. "ಬಟ್ಟಿ ಬ್ಯಾಡ ಚಾಚಾ. ನನಗ ಇಂಥಾದ್ದು ಬೇಕು." ನೀವು ಪತ್ರಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ನೋಡಿದಿರಿ. ಆಮೇಲೆ ಬೆರಳಿನಲ್ಲಿ ಎಣಿಸಿದಿರಿ. "ಇದರಾಗ ಹನ್ನೆರಡು ಕೀಲು ಅದಾವ್ರಿ ಸಾವ್ಕಾರ್ರ. ಒಂದೊಂದು ಕೀಲೂ ಒಂದೊಂದು ಬಾಯಿ. ಹನ್ನೆರಡೂ ಬಾಯಿಗೆ ದಿನಾ ಎಣ್ಣಿ ಬೇಕು. ಒಂದು ಬಾಯಿ ಮುನಿಸಿಕೊಂಡ್ರ ಉಳಿದ ಹನ್ನೊಂದೂ ಉಪವಾಸ." ನಿಮ್ಮ ಮಾತಿಗೆ ಸಾಹುಕಾರನಿಗೆ ಸಿಟ್ಟು ಬರಲಿಲ್ಲ. ಉರಿದು ಎದ್ದವನು ನಾನು.

ಆ ಮಧ್ಯಾಹ್ನ ನಾವಿಬ್ಬರೂ ಜಗಳಾಡಿದ್ದನ್ನು ಮಂಡಿಪೇಟೆಯೇ ನಿಂತು ನೋಡಿತು. ನನಗೆ ಇಪ್ಪತ್ತಮೂರು. ಹರಿಹರದ ಲೇತಿನ ಗೆಳೆಯರ ಜೊತೆ ಸೇರಿ ಯಂತ್ರ, ಪ್ರಗತಿ, ಹೊಸ ಕಾಲ ಅಂತ ಮಾತಾಡಲು ಕಲಿತಿದ್ದೆ. ಮಳೆ ಬಂದರೆ ಮನುಷ್ಯ ಯಾಕೆ ಕೆಳಗಿಳಿದು ನೆನೆಯುತ್ತಾ ಬಟ್ಟೆ ಎಳೆಯಬೇಕು? ಯಂತ್ರ ದುಡಿಯಲಿ! ಬಟ್ಟೆ ಟಾಪು ಗಾಳಿಗೆ ಪಟಪಟ ಬಡಿಯುತ್ತದೆ, ಮೂಲೆಯಲ್ಲಿ ಸೋರುತ್ತದೆ, ಕಳ್ಳ ಬ್ಲೇಡಿನಿಂದ ಸೀಳಿದರೆ ಮುಗಿಯಿತು, ಐದು ಬೇಸಿಗೆಗೆ ಬಿರುಕು. ತಗಡಿನ ಮಾಡಾದರೆ ಮನೆಯಂತೆ ಮುಚ್ಚುತ್ತದೆ, ಬೀಗ ಹಾಕಬಹುದು. ನೀವು ಎಲ್ಲಕ್ಕೂ ತಲೆಯಾಡಿಸಿದಿರಿ. "ಖರೇ ಐತಿ ಬೇಟಾ, ಎಲ್ಲಾ ಖರೇ ಐತಿ. ಆದ್ರ ನನ್ನ ಟಾಪು ಹರಿದ್ರ ಮಲೆಬೆನ್ನೂರಿನ ಚಪ್ಪಲಿ ಹೊಲಿಯೋನೂ ಹೊಲೀತಾನ. ನಿನ್ನ ಮಾಡು ಕೆಟ್ರ ಯಾರನ್ನ ಕರೀಬೇಕು, ಆ ಪೇಪರ್ ಮಾಡಿದೋನ್ನ?" ಜನ ಗೊಳ್ಳೆಂದರು. ನನಗೆ ಅವಮಾನವಾಯಿತು. ಡಿಕ್ಕಿಯ ಜಾಗ ಪೂರ್ತಿ ಹೋಗುತ್ತದೆ, ಒಂದು ಗಂಟು ಇಡಲೂ ಆಗುವುದಿಲ್ಲ, ಹಿಂದೆ ಭಾರ ಬಿದ್ದು ಮುಂದಿನ ಗಾಲಿಗಳು ಹಗುರಾಗುತ್ತವೆ, ಮೋಟಾರು ಬ್ಯಾಟರಿಯ ರಕ್ತ ಕುಡಿಯುತ್ತದೆ ಅಂತಲೂ ನೀವು ಹೇಳಿದಿರಿ. ಒಂದೂ ಸುಳ್ಳಾಗಿರಲಿಲ್ಲ. ನಾನು ಹೇಳಿದ್ದೂ ಸುಳ್ಳಾಗಿರಲಿಲ್ಲ. ಆದರೆ ನಿಮಗೆ ಎರಡೂ ಕಡೆಯದು ಕಾಣುತ್ತಿತ್ತು. ನನಗೆ ನನ್ನ ಮಾತು ಮಾತ್ರ…

ಕೊನೆಗೆ ಸೋತವರು ನೀವೇ. ನನ್ನ ಮುಖ ನೋಡಿ ಸೋತಿರಿ. "ಹುಡುಗಗ ಆಸೆ ಐತಿ, ಮಾಡಾಣ ನಡೀರಿ ಸಾವ್ಕಾರ್ರ" ಅಂದಿರಿ. "ಒಂದೇ ಮಾತು. ನನ್ನ ಪಟ್ಟಿ ಇರ್ಬೇಕು."

ಆ ಪಟ್ಟಿಯ ಕಥೆಯನ್ನು ನೀವು ಮೊದಲ ಸಲ ಹೇಳಿದ್ದು ಒಂದು ಶುಕ್ರವಾರ, ನಮಾಜು ಮುಗಿಸಿ ಬಂದು, ಮಂಡಕ್ಕಿಯ ಪೊಟ್ಟಣ ಬಿಚ್ಚುತ್ತಾ. ಕುದುರೆ ಬೆದರಿದಾಗ ಲಗಾಮು ಬಿಡುವಂತಿಲ್ಲ. ಒಳಗೆ ಬಾಣಂತಿ ಇದ್ದಾಳೆ, ಮಳೆ ಹೊಡೆಯುತ್ತಿದೆ. ಟಾಂಗಾದವನಿಗೆ ಉಳಿಯುವುದು ಒಂದೇ ಕೈ. ಆ ಒಂದೇ ಕೈಗೆ ಟಾಪು ಬರಬೇಕು. ಅದಕ್ಕೇ ನಿಮ್ಮ ಅಪ್ಪನ ಕಾಲದಿಂದ ನಿಮ್ಮ ಅಂಗಡಿಯಿಂದ ಹೊರಟ ಪ್ರತಿಯೊಂದು ಟಾಪಿಗೂ ಒಳಗಡೆ ಒಂದು ಚರ್ಮದ ಪಟ್ಟಿ, ಅದರ ತುದಿಯಲ್ಲಿ ಕೆಂಪು ದಾರದ ಮೂರು ಹೊಲಿಗೆ. ಕೂತಲ್ಲಿಂದಲೇ ಒಮ್ಮೆ ಎಳೆದರೆ ಟಾಪು ಬಂದು ಕೂರಬೇಕು. ಟಾಂಗಾದವರು ಬೆಳಿಗ್ಗೆ ಕುದುರೆ ಕಟ್ಟುವ ಮೊದಲು ಆ ಪಟ್ಟಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಲಿಂಗ ಕಟ್ಟಿದವರೂ ಒತ್ತಿಕೊಳ್ಳುತ್ತಿದ್ದರು, ನಮಾಜು ಮಾಡುವವರೂ. ಊರಿನ ಬಾಯಲ್ಲಿ ಅದಕ್ಕೆ ಹೆಸರು "ಚಾಚಾನ ಪಟ್ಟಿ".

ಹರಿಹರದ ಲೇತಿನಲ್ಲಿ ಕೀಲುಗಳನ್ನು ಕಡೆಸಿ ತಂದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ತಗಡಿನ ಎರಡು ತುಂಡು, ಯುದ್ಧದ ಕಾಲದ ಮಿಲಿಟರಿ ಲಾರಿಯ ಹಳೇ ಮೋಟಾರು, ಅದು ತಿರುಗಿಸುವ, ಸ್ಕ್ರೂನಂತೆ ಮರೆ ಕೊರೆದ ಸರಳು, ಸರಳಿನಿಂದ ಮಾಡಿನ ತೋಳಿಗೆ ಒಂದು ಪಿನ್ನು. ಆ ಪಿನ್ನನ್ನು ಕಂಡುಹಿಡಿದವರು ನೀವು. ಪಟ್ಟಿ ಎಳೆದರೆ ಪಿನ್ನು ಹೊರಗೆ ಬರಬೇಕು, ಮೋಟಾರಿನ ಹಿಡಿತ ಬಿಡಬೇಕು, ಮಾಡು ಕೈಗೆ ಸಿಗಬೇಕು. ಎಂದೂ ಮೋಟಾರು ಮುಟ್ಟದ ಟಾಂಗಾ ಟಾಪಿನ ದರ್ಜಿ ಎರಡೇ ದಿನದಲ್ಲಿ ಅದನ್ನು ಯೋಚಿಸಿದ! ನಾನು ಹೊಗಳಿದೆನೇ? ಇಲ್ಲ. ಹನ್ನೆರಡು ಕೀಲು ನನ್ನವು ಅಂತ ಊರೆಲ್ಲಾ ಹೇಳಿಕೊಂಡು ಬಂದೆ. ಹದಿಮೂರನೆಯದರ ಮಾತು ಎತ್ತಲಿಲ್ಲ.

ಮಾಡು ಮೊದಲ ಸಲ ತಾನೇ ಮುಚ್ಚಿಕೊಂಡ ಹೊತ್ತನ್ನು ಮಾತ್ರ ನಾನು ಸುಳ್ಳು ಮಾಡಲಾರೆ. ನಾವಿಬ್ಬರೂ ಒಳಗೆ ಕೂತಿದ್ದೆವು. ಗುಂಯ್ ಅಂತ ಎದ್ದು, ನೆರಳು ಮೇಲೆ ಬಂದು, ಟಕ್ ಅಂತ ಕೂತಿತು. ಪೇಟೆಯ ಗದ್ದಲವೆಲ್ಲಾ ಒಮ್ಮೆಲೇ ಹೊರಗುಳಿಯಿತು. ನೀವು ತಗಡನ್ನು ಬೆರಳಿನಿಂದ ತಟ್ಟಿ, "ಸುಭಾನಲ್ಲಾ… ಮನಿ ಆತಲ್ಲೋ ಇದು. ನನ್ನ ಬಟ್ಟಿ ಇಷ್ಟು ಸುಮ್ನಿರಂಗಿಲ್ಲ ಬಿಡು" ಅಂದಿರಿ. ಎಷ್ಟು ಸಲೀಸಾಗಿ ಒಪ್ಪಿಕೊಂಡಿರಿ ಚಾಚಾ. ಒಪ್ಪಿಕೊಳ್ಳುವುದು ಅಷ್ಟು ಸಲೀಸು ಅಂತ ನಾನು ಅವತ್ತೇ ಕಲಿತಿದ್ದರೆ…

ಕಾರು ಒಯ್ಯುವ ಹಿಂದಿನ ದಿನ ಸಾಹುಕಾರ ನೋಡಲು ಬಂದ. ಸೀಟಿನ ಹಿಂದೆ ಜೋತಾಡುತ್ತಿದ್ದ ಪಟ್ಟಿ ಹಿಡಿದು, "ಇದೇನ್ರಿ ಚಾಚಾ, ಕುದುರಿ ಕಟ್ತೀರೇನು?" ಅಂದ. ನೀವು, "ಇರ್ಲಿ ಸಾವ್ಕಾರ್ರ. ಬೇಕಾಗದಿದ್ರ ಬಾಳ ಛಲೋ" ಅಂದಿರಿ. "ಆತು ಬಿಡ್ರಿ, ನಮ್ಮವ್ವಗೂ ಸಮಾಧಾನ" ಅಂತ ಅವನು ಒಪ್ಪಿ ಹೋದ. ಕೇಳಿಸಿಕೊಳ್ಳಿ, ಅವನು ಒಪ್ಪಿ ಹೋದ. ಒಪ್ಪದೇ ಉಳಿದವನು ನಾನು. ನನ್ನ ಹೊಸ ಕಾಲದ ಯಂತ್ರಕ್ಕೆ ಟಾಂಗಾದ ಬಾಲ! ಹರಿಹರದ ಗೆಳೆಯರು ನೋಡಿದರೆ ಏನಂದಾರು? ಮೇಲಾಗಿ ಆ ಪಿನ್ನು ಕಾರು ಅಲುಗಿದಾಗಲೆಲ್ಲಾ ಕಟಕಟ ಅನ್ನುತ್ತಿತ್ತು. ನೀವು ಸಂಜೆಯ ನಮಾಜಿಗೆ ಹೋಗಿದ್ದಿರಿ. ನಿಮ್ಮದೇ ಕತ್ತರಿ ತೆಗೆದುಕೊಂಡು ಪಟ್ಟಿಯನ್ನು ಬುಡದಲ್ಲಿ ಕತ್ತರಿಸಿದೆ. ಪಿನ್ನು ಅಲುಗದಂತೆ ರಿವೆಟ್ ಹೊಡೆದೆ. ನಾಲ್ಕೇ ಏಟು. ನೀವು ಬಂದವರು ಚಪ್ಪಲಿ ಕಳಚುತ್ತಾ ಕೇಳಿದಿರಿ: "ಪಟ್ಟಿ ಗಟ್ಟಿ ಐತೇನೋ? ನನ್ನ ಕಣ್ಣಿಗೆ ದಾರ ಕಾಣಂಗಿಲ್ಲ ಈಗ." ನಾನು ಹೇಳಿದೆ: "ಗಟ್ಟಿ ಐತಿ ಚಾಚಾ."

ಈ ಮೂರು ಮಾತು ಬರೆಯಲಿಕ್ಕೆ ಇವತ್ತು ನಾಲ್ಕು ಸಲ ಪೆನ್ನು ಕೆಳಗಿಟ್ಟೆ.

ಹರಿಹರದ ಸೇತುವೆಯ ಮೇಲೆ ನಡೆದದ್ದು ನಿಮಗೆ ಗೊತ್ತು. ರಾಣೇಬೆನ್ನೂರಿನ ನೆಂಟರ ಮನೆಯಿಂದ ಸಾಹುಕಾರ ತನ್ನ ತಾಯಿ ಗೌರವ್ವನನ್ನು ಕೂರಿಸಿಕೊಂಡು ಬರುತ್ತಿದ್ದ. ಮಾಡು ತೆರೆದಿತ್ತು. ಸೇತುವೆಯ ನಡುವೆ ಮಳೆ ಹಿಡಿಯಿತು. ಗುಂಡಿ ಒತ್ತಿದ. ಮಾಡು ಅರ್ಧ ಎದ್ದು, ನೆಟ್ಟಗೆ ನಿಂತು, ಅಲ್ಲೇ ಉಳಿಯಿತು. ಮುಚ್ಚಲಿಲ್ಲ, ಮಡಚಲೂ ಇಲ್ಲ. ಗಾಳಿಗೆ ಗೋಡೆಯಂತೆ ನಿಂತ ಆ ತಗಡು ಕಾರನ್ನೇ ಅಲುಗಾಡಿಸುತ್ತಿತ್ತಂತೆ. ಮೋಟಾರು ಎಳೆದೂ ಎಳೆದೂ ಬ್ಯಾಟರಿ ಸತ್ತು ಕಾರೂ ನಿಂತಿತು. ಹಿಂದೆ ಮಲೆಬೆನ್ನೂರಿನ ಭತ್ತ ರಾಣೇಬೆನ್ನೂರಿನಲ್ಲಿ ಇಳಿಸಿ ಮರಳುವ ಗಾಡಿಗಳು, ಮುಂದೆ ಬಸ್ಸು. ಗಾಡಿಯವನೊಬ್ಬ ಇಳಿದು ಬಂದು, ಗೋಣಿಚೀಲದ ಮೂಲೆ ಮಡಚಿ ಕೊಪ್ಪೆ ಮಾಡಿ ಗೌರವ್ವನ ತಲೆಗೆ ಹಾಕಿದ. "ತಗೋರಿ ಅವ್ವಾರ, ನಮ್ಮ ಟಾಪಿಗೆ ಕೀಲಿಲ್ಲ" ಅಂದನಂತೆ. ಇಡೀ ಸೇತುವೆ ನಕ್ಕಿತಂತೆ. ಆ ಮುದುಕಿ ನೆನೆಯುತ್ತಲೇ ಸೀಟಿನ ಹಿಂದೆ ಕೈಯಾಡಿಸುತ್ತಿದ್ದಳಂತೆ: "ಪಟ್ಟಿ ಹುಡುಕೋ ತಮ್ಮಾ, ಚಾಚಾನ ಪಟ್ಟಿ ಇರ್ತತಿ, ಹುಡುಕು."

ಮರುದಿನ ಎತ್ತುಗಳು ಆ ಕಾರನ್ನು ಎಳೆದು ತಂದಾಗ ಪೇಟೆಯೆಲ್ಲಾ ಬಂದು ನಿಂತಿತ್ತು. ಸಾಹುಕಾರ ಬೀದಿಯಲ್ಲೇ ಕೂಗಿದ: "ಮಷೀನು ಕೆಟ್ಟಿದ್ದಕ್ಕ ನನಗ ಸಿಟ್ಟಿಲ್ಲ. ಅದು ನನ್ನ ಹಟ. ಪಟ್ಟಿ ಎಲ್ರೀ? ಎಪ್ಪತ್ತು ವರ್ಷದ ನಮ್ಮವ್ವ ಮಳ್ಯಾಗ ಕುಂತು ನಿಮ್ಮ ಪಟ್ಟಿ ಹುಡುಕಿದಳು!" ನೀವು ಅವಸರವಿಲ್ಲದೆ ಸೀಟಿನ ಹಿಂದೆ ಕೈ ಹಾಕಿದಿರಿ. ಕತ್ತರಿಸಿದ ಬುಡ ಬೆರಳಿಗೆ ಸಿಕ್ಕಿತು. ರಿವೆಟ್ಟಿನ ತಲೆ ಸಿಕ್ಕಿತು. ಕೈ ಅಲ್ಲೇ ಒಂದು ಗಳಿಗೆ ನಿಂತಿತು. ನನ್ನ ರಿವೆಟ್ಟಿನ ಏಟು ನಿಮಗೆ ಗೊತ್ತಿಲ್ಲವೇ? ಸದಾ ಎಡಕ್ಕೆ ವಾಲುತ್ತದೆ ಅಂತ ಏಳು ವರ್ಷ ಬೈದವರು ನೀವು. ನನ್ನನ್ನು ನೋಡಿದಿರಿ. ನಾನು ಕೈಯಲ್ಲಿ ಸ್ಪ್ಯಾನರು ಹಿಡಿದು ನಿಂತಿದ್ದೆ. ಬಾಯಲ್ಲಿ ನಾಲಿಗೆ ಇತ್ತು. ಅದೇ ನಾಲಿಗೆ, ಆಮೇಲೆ ಮೈಕಿನಲ್ಲಿ ಬೆಂಕಿ ಉಗುಳಿದ್ದು. ನೀವು ಸಾಹುಕಾರನ ಕಡೆ ತಿರುಗಿ ಹೇಳಿದಿರಿ: "ಮರ್ತೆ ಸಾವ್ಕಾರ್ರ. ವಯಸ್ಸಾತು. ಮಾಫ್ ಮಾಡ್ರಿ." ಅವನು ಹೋದ ಮೇಲೆ ನನಗೆ ಹೇಳಿದ್ದು ಇಷ್ಟೇ: "ಚಾಚಿ ಉಣ್ಣಾಕ ಕರೀತಾಳ, ನಡಿ." ನಾನು ಹೋಗಿ ಉಂಡೆ. ಎರಡನೇ ಸಲ ಸಾರು ಹಾಕಿಸಿಕೊಂಡೂ ಉಂಡೆ.

ಟಾಂಗಾ ಸ್ಟ್ಯಾಂಡಿನಲ್ಲಿ ಆ ಮಾತು ಹುಟ್ಟಲು ಒಂದು ವಾರವೂ ಬೇಕಾಗಲಿಲ್ಲ. ಯಾರಾದರೂ ಲಾಂದ್ರ ಮರೆತರೆ, ಮೇವು ಮರೆತರೆ, "ಚಾಚಾನ ಪಟ್ಟಿ ಮರ್ತ, ನೀ ಯಾವ ಲೆಕ್ಕ ಬಿಡಲೇ" ಅನ್ನುವುದು. ನಗೆಚಾಟಿಕೆ, ಅಷ್ಟೇ. ಆದರೆ ಟಾಪು ಹೊಲಿಸಲು ಬರುವವನು ಬಾಗಿಲಲ್ಲಿ ಒಮ್ಮೆ ಅನುಮಾನಿಸತೊಡಗಿದ. ನೀವು ಹೊಲಿದ ಟಾಪನ್ನು ನಿಮ್ಮೆದುರಿಗೇ ಎಳೆದೆಳೆದು ನೋಡತೊಡಗಿದ. ಒಂದು ದಿನ ಕೆಂಚಪ್ಪನೂ ಎಳೆದು ನೋಡಿದ. ಅವತ್ತು ನೀವು ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟದ್ದು ನಾನು ಕಂಡೆ. ಮುಂದಿನ ಯುಗಾದಿಯ ಹೊತ್ತಿಗೆ ಅಂಗಡಿಯ ಹಲಗೆ ಬಾಗಿಲು ಮುಚ್ಚಿತು. ನಾನು ಹರಿಹರದ ವರ್ಕ್‌ಶಾಪಿಗೆ ಹೋದೆ, ಅಲ್ಲಿಂದ ಕೂಲಿಕಾರರ ಸಂಘಕ್ಕೆ. ನೀವು ಮಸೀದಿಯ ಕಟ್ಟೆಯ ಮೇಲೆ ಕೂತು ಹೋಗಿಬರುವ ಟಾಂಗಾಗಳ ಟಾಪು ನೋಡುತ್ತಾ ಇದ್ದಿರಿ. ಎರಡು ಮಳೆಗಾಲ ಕಳೆದ ಮೇಲೆ ತೀರಿಕೊಂಡಿರಿ. ಮಣ್ಣಿಗೆ ನಾನೂ ಹೆಗಲು ಕೊಟ್ಟೆ. ಆ ಹೆಗಲಿಗೂ ನಾಚಿಕೆ ಇರಲಿಲ್ಲ.

ಸಂಘದ ವೇದಿಕೆ ಮೊದಲ ಸಲ ಹತ್ತಿದಾಗ ನನ್ನ ಹತ್ತಿರ ಹೇಳಲಿಕ್ಕೆ ಏನಿತ್ತು? ನಿಮ್ಮ ಕಥೆ ಇತ್ತು. ಶ್ರೀಮಂತನ ಶೋಕಿಯ ಮಾಡಿಗಾಗಿ ಒಬ್ಬ ಬಡ ಕಸುಬುದಾರನ ತಲೆಯ ಮೇಲಿನ ಮಾಡು ಹೋಯಿತು ಅಂತ ಕೂಗಿದೆ. ಮಿಲ್ಲಿನ ಗೇಟಿನಲ್ಲಿ ಕೂಗಿದೆ, ಸಂತೆಯಲ್ಲಿ ಕೂಗಿದೆ, ಸಂಘದ ಕರಪತ್ರದಲ್ಲಿ ಬರೆದೆ. ಜನ ಕಣ್ಣೊರೆಸಿಕೊಂಡರು. "ಆ ಮುದುಕ ಮಾಡದ ತಪ್ಪಿಗೆ ಬೀದಿಯಲ್ಲಿ ಮಾಫಿ ಕೇಳಿದ. ಯಾಕೆ ಕೇಳಿದ? ತಲೆಮಾರುಗಳ ಗುಲಾಮಗಿರಿ ಅವನ ಕೈಲಿ ಕೇಳಿಸಿತು! ಹಸಿವಿನ ಹೆದರಿಕೆ ಕೇಳಿಸಿತು!" ಇದು ನನ್ನ ಭಾಷಣದಲ್ಲಿ ಚಪ್ಪಾಳೆ ಬೀಳುವ ಜಾಗ. ಅಲ್ಲಿ ನಾನು ಸ್ವಲ್ಪ ನಿಲ್ಲುತ್ತಿದ್ದೆ, ಚಪ್ಪಾಳೆ ಮುಗಿಯಲಿ ಅಂತ. ಸುಳ್ಳು ಹೇಳಿದೆನೇ? ಇಲ್ಲ, ಕತ್ತರಿಸಿದೆ. ಪಟ್ಟಿ ಕತ್ತರಿಸಿದ ಕೈಗೆ ಕಥೆ ಕತ್ತರಿಸುವುದು ಎಷ್ಟು ಹೊತ್ತಿನ ಕೆಲಸ? ನನ್ನ ತಪ್ಪನ್ನು ನೀವು ಮೈಮೇಲೆ ಎಳೆದುಕೊಂಡಿರಿ. ನಾನು ಅದನ್ನು ನಿಮ್ಮ ಹೇಡಿತನ ಮಾಡಿ ಊರೂರು ಹಂಚಿದೆ. ಶೋಷಣೆ ಅನ್ನುವ ಮಾತನ್ನು ನನ್ನಷ್ಟು ಜೋರಾಗಿ ಈ ಸೀಮೆಯಲ್ಲಿ ಯಾರೂ ಹೇಳಿರಲಿಕ್ಕಿಲ್ಲ. ನನ್ನಷ್ಟು ಹತ್ತಿರದಿಂದ ಮಾಡಿದವರೂ ಕಡಿಮೆ.

ಹೋದ ತಿಂಗಳು ದಾವಣಗೆರೆಯ ಸಭೆಯಲ್ಲಿ ಹೆಂಗಸರ ಸಾಲಿನಲ್ಲಿ ಚಾಚಿ ಕೂತಿದ್ದರು. ನಾನು ನೋಡಿರಲಿಲ್ಲ. ನೋಡಿದ್ದರೆ ಬೇರೆ ಕಥೆ ಹೇಳುತ್ತಿದ್ದೆನೇನೋ, ಅಂಥವನು ನಾನು. ಸಭೆ ಮುಗಿದ ಮೇಲೆ ಸೆರಗು ಸರಿಮಾಡಿಕೊಳ್ಳುತ್ತಾ ಬಂದರು. "ಭಾಳ ಛಲೋ ಮಾತಾಡ್ತಿ ಬೇಟಾ. ಜನ ಅತ್ರು. ಪಟ್ಟಿ ಮಾತು ಮಾತ್ರ ಬರ್ಲಿಲ್ಲ." "ಚಾಚಿ, ನಿಮಗ…" ಅಂದೆ. "ಅವತ್ತು ನೀ ಕೈ ತೊಳ್ಕೊಂಡು ಉಣ್ಣಾಕ ಕೂಡೋಕಿಂತ ಮುಂಚೇನೇ ಹೇಳಿದ್ರು ನಿಮ್ಮ ಚಾಚಾ. 'ಹುಡುಗ ಕತ್ತರಿಸ್ಯಾನ. ಬಾಯಿ ಬಿಡಬ್ಯಾಡ. ನನ್ನ ಕೆಲಸ ಮುಗೀತಾ ಬಂತು, ಅವಂದು ಈಗ ಶುರು. ಈ ಊರಾಗ ಅವಂಗ ಇನ್ನೂ ನಾಕು ಜನ ಕೆಲಸ ಕೊಡ್ಬೇಕು' ಅಂದ್ರು. ಅದಕ್ಕ ಸಾರು ಎರಡು ಸಲ ಹಾಕಿದ್ದು." ಸಿಟ್ಟಿರಲಿಲ್ಲ ಚಾಚಾ, ಆ ದನಿಯಲ್ಲಿ. ಇದ್ದಿದ್ದರೆ ನಾನು ಹೇಗೋ ಎದುರಿಸುತ್ತಿದ್ದೆ, ಸಿಟ್ಟಿನ ಜೊತೆ ಬದುಕಲು ನನಗೆ ತರಬೇತಿ ಆಗಿದೆ. ಹೋಗುವಾಗ ತಿರುಗಿ ಒಂದೇ ಪ್ರಶ್ನೆ ಕೇಳಿದರು. "ಅವರು ಹೆದರಿಕೊಂಡು ಮಾಫಿ ಕೇಳಿದ್ರು ಅಂದ್ಯಲ್ಲ, ಯಾರಿಗೆ ಹೆದರಿದ್ರು?"

ನಿನ್ನೆ ಹರಿಹರದಲ್ಲಿ, ಹೊಳೆಯ ದಂಡೆಯ ಬಯಲಿನಲ್ಲಿ, ಆ ಸೇತುವೆ ಕಣ್ಣಿಗೆ ಬೀಳುವ ಹಾಗೆ ನಿಂತು ಎಲ್ಲವನ್ನೂ ಹೇಳಿದೆ. ಕತ್ತರಿ, ರಿವೆಟ್ಟಿನ ನಾಲ್ಕು ಏಟು, ಗಟ್ಟಿ ಐತಿ ಅಂದದ್ದು, ಸಾರು. ಚಪ್ಪಾಳೆ ಬೀಳಲಿಲ್ಲ. ಸಂಘದ ಹಿರಿಯರೊಬ್ಬರು ನನ್ನ ಅಂಗಿ ಜಗ್ಗಿ, "ಏನ್ ಮಾಡ್ದೆಪ್ಪ, ಮಾಲೀಕನ ಕೈಗೆ ಕೋಲು ಕೊಟ್ಯಲ್ಲ" ಅಂದರು. ಅಷ್ಟರಲ್ಲಿ ಹಿಂದುಗಡೆಯಿಂದ ಯಾರೋ ಎದ್ದು ನಿಂತರು. ಕೆಂಚಪ್ಪ. ಹಲ್ಲು ಉದುರಿವೆ, ಹೆಗಲ ಮೇಲೆ ಚಾವಟಿ ಇನ್ನೂ ಇದೆ. "ಹಂಗಾದ್ರ ಚಾಚಾ ಮರ್ತಿರ್ಲಿಲ್ಲ?" ಅಂತ ಕೇಳಿದ. "ಇಲ್ಲ ಕೆಂಚಣ್ಣ, ಮರೆತಿರಲಿಲ್ಲ" ಅಂದೆ. ಅವನು ಪಕ್ಕದವನ ಬೆನ್ನಿಗೆ ಗುದ್ದಿದ. "ನಾ ಹೇಳಿದ್ದಿಲ್ಲೇನಲೇ? ಚಾಚಾ ಮರೆಯೋನಲ್ಲ ಅಂತ! ಅವತ್ತು ಟಾಪು ಎಳೆದು ನೋಡಿದ ನನ್ನ ಕೈಗೆ ಮೊದ್ಲು ಹೊಡೀಬೇಕು." ಆಮೇಲೆ ಅವನು ಅಳುತ್ತಾ ಕೂತ. ನನ್ನ ಮುಖ ನೋಡಲಿಲ್ಲ. ನೋಡಬೇಕಾಗಿಯೂ ಇರಲಿಲ್ಲ.

ಇವತ್ತು ಬೆಳಿಗ್ಗೆ ಸಾಹುಕಾರನ ಮನೆಯ ಮುಂಬಾಗಿಲಿಗೆ ಹೋದೆ. "ಏನ್ರೀ, ಇವತ್ತು ಬಾವುಟ ಇಲ್ಲ?" ಅಂದ. ಹೇಳಿದೆ. ಅವನು ಬೀಗದ ಕೈ ತೆಗೆದುಕೊಂಡು ಇಳಿದು ಬಂದ. "ನಾನೂ ಒಳಗ ಕರೆದು ಕೇಳ್ಬೇಕಿತ್ತು. ಬೀದ್ಯಾಗ ಕೂಗಬಾರ್ದಿತ್ತು" ಅಂದು ಶೆಡ್ಡಿನ ಬೀಗ ತೆಗೆದ. ಕಾರು ಇನ್ನೂ ಹಾಗೇ ಇದೆ ಚಾಚಾ. ಮಾಡು ಅರ್ಧ ಎದ್ದು, ಅವತ್ತು ಸೇತುವೆಯ ಮೇಲೆ ನಿಂತ ಹಾಗೆಯೇ. ರಿವೆಟ್ ಕಡಿದೆ. ಹನ್ನೆರಡೂ ಬಾಯಿಗೆ ಎಣ್ಣೆ ಬಿಟ್ಟೆ. ಹೊಸ ಪಟ್ಟಿ ಹೊಲಿದೆ. ಗೌರವ್ವ ಕೋಲು ಊರಿಕೊಂಡು ಬಂದು, ನಾನು ಬೇಡವೆಂದರೂ ಕೇಳದೆ ಸೀಟಿನಲ್ಲಿ ಕೂತು, ಹಿಂದೆ ಕೈ ಹಾಕಿ ಎಳೆದಳು. ಪಿನ್ನು ಹೊರಗೆ ಬಂತು. ಕಿರ್ ಅಂತ ಒಮ್ಮೆ ಅತ್ತು, ಮಾಡು ಬಂದು ಕೂತಿತು. ಒಂದೇ ಕೈಗೆ, ಎಂಬತ್ತು ವರ್ಷದ ಕೈಗೆ. ನೀವು ಲೆಕ್ಕ ಹಾಕಿದ ಹಾಗೆಯೇ. ಒಳಗಿನಿಂದ ಅವಳ ದನಿ ಕೇಳಿಸಿತು: "ಕೆಂಪು ದಾರ ಎಲ್ಲೋ?" ಹಾಕಿಲ್ಲ ಅವ್ವ ಅಂದೆ. ಆ ಮೂರು ಹೊಲಿಗೆ ಹಾಕುವ ಕೈ ನನ್ನದಲ್ಲ.

ಇದರಿಂದ ಸಾಹುಕಾರ ನನ್ನ ಗೆಳೆಯನಾದ ಅಂದುಕೊಳ್ಳಬೇಡಿ. ಅವನ ಜಿನ್ನಿನಲ್ಲಿ ಹತ್ತಿ ಬಿಡಿಸುವ ಹೆಂಗಸರು ಕೂಸುಗಳನ್ನು ಅಂಗಳದ ಬಿಸಿಲಿನಲ್ಲೇ ಮಲಗಿಸುತ್ತಾರೆ. ಎರಡು ಸೀಟಿಗೆ ಹನ್ನೆರಡು ಕೀಲಿನ ಮಾಡು ಮಾಡಿಸಿದವನಿಗೆ ಆ ಕೂಸುಗಳ ಮೇಲೆ ಕೀಲೇ ಇಲ್ಲದ ನಾಲ್ಕು ತಗಡು ಹಾಕಿಸಲು ಇಷ್ಟು ವರ್ಷ ಕೈ ಬಂದಿಲ್ಲ. ಬರುವ ಸೋಮವಾರ ಆ ತಗಡಿಗಾಗಿ ಅವನ ಗೇಟಿನಲ್ಲಿ ನಿಲ್ಲುತ್ತೇವೆ. ಮೈಕು ನನ್ನ ಕೈಯಲ್ಲಿರುತ್ತದೆ. ಮೊದಲು ನಿಮ್ಮ ಮಾತು ಹೇಳುತ್ತೇನೆ, ಕತ್ತರಿಸದೆ, ಅವನ ಮುಂದೆಯೇ, ಅವನ ಕೂಲಿಗಳ ಮುಂದೆಯೇ: ಆ ಪಟ್ಟಿಯ ವಿಷಯದಲ್ಲಿ ಈ ಸಾಹುಕಾರರ ತಪ್ಪಿಲ್ಲ, ನನ್ನದು. ಆಮೇಲೆ ತಗಡು ಕೇಳುತ್ತೇನೆ. ಹಾಗೆ ಕೇಳಿದರೆ ದನಿ ಕುಗ್ಗುತ್ತದೆ ಅಂತ ಸಂಘದವರ ಅಂಜಿಕೆ. ಕುಗ್ಗಿದರೆ ಕುಗ್ಗಲಿ.

ಚಾಚಿಗೆ ಹೇಳಿ ಬಂದೆ. ಬರುತ್ತಾರಂತೆ. "ಮುಂದಿನ ಸಾಲಿನ್ಯಾಗ ಕೂಡ್ತೀನಿ. ಪಟ್ಟಿ ಮಾತು ಬರೋತನಕ ಏಳಂಗಿಲ್ಲ ನೋಡು" ಅಂದಿದ್ದಾರೆ.

ನಿಮ್ಮ
ರುದ್ರ